ಮಳೆಗೆ ನೆಟ್ ಹೋಗುತ್ತದೆ ಎಂದು ನಂಬಿ ಹೊಸ ರೂಟರ್ ಕೊಳ್ಳುವ ಮೊದಲು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಫೈಬರ್ ಇಂಟರ್‌ನೆಟ್ ದಿನಕ್ಕೆ ನಾಲ್ಕೈದು ಬಾರಿ ಕಡಿದುಹೋಗತೊಡಗಿತು. ಕಾರಣವೇನೆಂದು ತಿಳಿಯುವ ಮೊದಲೇ ಅದಕ್ಕೆಂದು ಸುಮಾರು ಒಂಬತ್ತು ಸಾವಿರ ರೂಪಾಯಿ ಸುರಿದೆ. ಇನ್ನೊಬ್ಬರು ಹಾಗೆ ಕಳೆದುಕೊಳ್ಳಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮಳೆ ಬಂದರೆ ನೆಟ್ ಹೋಗುತ್ತಿತ್ತು, ಮಳೆ ನಿಂತ ಸ್ವಲ್ಪ ಹೊತ್ತಿಗೆ ತಾನೇ ಮರಳುತ್ತಿತ್ತು. ಹೀಗಿರುವಾಗ ಮಳೆಯೇ ಕಾರಣವೆಂದು ಎಲ್ಲರೂ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಸಂಪರ್ಕ ಕೊಟ್ಟ ಕಂಪನಿಯ ಹುಡುಗ ಮೊದಲ ಸಲ ಬಂದಾಗ ಆಕಾಶ ತಿಳಿಯಾಗಿತ್ತು, ನೆಟ್ ಸರಿಯಾಗಿಯೇ ಇತ್ತು. "ಮಳೆಗೆ ಈ ಕಡೆ ಎಲ್ಲಾ ಹೀಗೇ ಸಾರ್" ಎಂದು ಹೇಳಿ, ನನ್ನ ಮೊಬೈಲಿಗೆ ಬಂದ ಓಟಿಪಿ ಕೇಳಿ ಪಡೆದುಕೊಂಡು ಹೋದ. ಆ ಓಟಿಪಿ ದೂರನ್ನು ಮುಚ್ಚುವುದಕ್ಕೆ ಎಂಬುದು ಸಂಜೆ "ನಿಮ್ಮ ಸಮಸ್ಯೆ ಪರಿಹಾರವಾಗಿದೆ" ಎಂಬ ಸಂದೇಶ ಬಂದಾಗಲಷ್ಟೇ ತಿಳಿಯಿತು. ಎರಡನೆಯ ಸಲ ಬಂದವರು, ಫೈಬರ್ ತಂತಿ ಬಂದು ಸೇರುವ ಕಂಪನಿಯ ಪೆಟ್ಟಿಗೆಯ ವೈಫೈ ಬಲ ಸಾಲದೆಂದು 3,400 ರೂಪಾಯಿಯ ರೂಟರ್ ಕೊಡಿಸಿದರು. ಮೂರನೆಯ ಸಲ ಫೋನಿನಲ್ಲಿ ಮಾತಾಡಿದವರು ಹೆಚ್ಚಿನ ವೇಗದ ಪ್ಲಾನಿಗೆ ಆದ್ಯತೆ ಇರುತ್ತದೆಂದು ನಂಬಿಸಿ, ಇಡೀ ವರ್ಷದ ವ್ಯತ್ಯಾಸದ ಹಣವನ್ನು ಒಟ್ಟಿಗೆ ಕಟ್ಟಿಸಿಕೊಂಡರು. ಪದೇಪದೇ ಕಡಿಯುವ ಸಂಪರ್ಕಕ್ಕೆ ವೇಗ ಹೆಚ್ಚಿಸಿ ಏನು ಪ್ರಯೋಜನ ಎಂದು ನಾನು ಆಗ ಕೇಳಲಿಲ್ಲ.

ನಿಜವಾದ ಕಾರಣ ಸಿಕ್ಕಿದ್ದು ಮಳೆಯಿಲ್ಲದ ಒಂದು ಬೆಳಿಗ್ಗೆ. ಪಕ್ಕದ ತೋಟದಲ್ಲಿ ಕಸಕ್ಕೆ ಬೆಂಕಿ ಹಾಕಿದ್ದರಿಂದ ಹೊಗೆ ಒಳಗೆ ನುಗ್ಗಿತು, ಅಮ್ಮ ಬಂದು ಮಹಡಿಯ ಪಡುವಣ ಕಿಟಕಿ ಮುಚ್ಚಿದರು. ಎರಡೇ ನಿಮಿಷದಲ್ಲಿ ನೆಟ್ ಹೋಯಿತು. ಪೆಟ್ಟಿಗೆಯ ಮೇಲೆ ಎಲ್‌ಓಎಸ್ ಎಂಬ, ಬೆಳಕು ತಲುಪುತ್ತಿಲ್ಲವೆಂದು ಎಚ್ಚರಿಸುವ ದೀಪ ಕೆಂಪಾಗಿ ಮಿಣುಕುತ್ತಿತ್ತು. ಕಿಟಕಿ ತೆರೆದೆ, ಕೆಂಪು ಆರಿ, ಸಂಪರ್ಕ ಸರಿಯಿದೆ ಎನ್ನುವ ಪಿಓಎನ್ ದೀಪ ಹಸಿರಾಗಿ ನಿಂತಿತು. ಮೇ ತಿಂಗಳಲ್ಲಿ ಪೆಟ್ಟಿಗೆಯನ್ನು ಹಜಾರದಿಂದ ಮಹಡಿಗೆ ಸ್ಥಳಾಂತರಿಸಲು ಬಂದವರು ಗೋಡೆ ಕೊರೆಯುವ ಶ್ರಮ ಬೇಡವೆಂದು ತಂತಿಯನ್ನು ಅದೇ ಕಿಟಕಿಯ ಮೂಲೆಯಿಂದ ಒಳಗೆಳೆದಿದ್ದರು. ಇರಚಲು ಹೊಡೆದಾಗಲೆಲ್ಲ ಅಮ್ಮ ಆ ಕಿಟಕಿ ಮುಚ್ಚುತ್ತಿದ್ದರು, ಮಳೆಗೆ ಉಬ್ಬಿದ ಮರದ ಬಾಗಿಲು ಚೌಕಟ್ಟಿನ ಅಂಚಿಗೆ ತಂತಿಯನ್ನು ಒತ್ತಿ ಮಡಚುತ್ತಿತ್ತು.

ಫೈಬರ್ ಒಳಗಿರುವುದು ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದನ್ನು ತುಂಡಾಗುವಷ್ಟು ಬಗ್ಗಿಸಬೇಕಾಗಿಲ್ಲ, ಬಿಗಿಯಾಗಿ ಮಡಚಿದರೆ ಸಾಕು, ತಿರುವಿನಲ್ಲಿ ಬೆಳಕು ಹೊರಕ್ಕೆ ಸೋರಿಹೋಗುತ್ತದೆ. ಎಷ್ಟು ಬೆಳಕು ತಲುಪುತ್ತಿದೆ ಎಂಬುದನ್ನು ಪೆಟ್ಟಿಗೆಯೇ ಅಳೆಯುತ್ತದೆ: ಬ್ರೌಸರಿನಲ್ಲಿ ಅದರ ವಿಳಾಸ (ನಮ್ಮದು 192.168.1.1) ತೆರೆದು ಒಳಹೊಕ್ಕರೆ ಆಪ್ಟಿಕಲ್ ಪುಟದಲ್ಲಿ 'ಆರ್‌ಎಕ್ಸ್ ಪವರ್' ಎಂಬ ಋಣಸಂಖ್ಯೆ ಕಾಣುತ್ತದೆ (ಸೊನ್ನೆಯಿಂದ ಕೆಳಗಿಳಿದಷ್ಟೂ ಬೆಳಕು ಕಡಿಮೆ), ನೆಟ್ ಇಲ್ಲದಿರುವಾಗಲೂ ಈ ಪುಟ ತೆರೆಯುತ್ತದೆ. ಮನೆಗಳಲ್ಲಿರುವ ಜಿಪಿಓಎನ್ ಎಂಬ ಸಾಮಾನ್ಯ ಬಗೆಯ ಫೈಬರ್ ಪೆಟ್ಟಿಗೆಗಳಿಗೆ −27 ಡಿಬಿಎಂ (ಬೆಳಕಿನ ಬಲದ ಮಾನ) ಸುಮಾರಿಗೆ ಕೊನೆಯ ಗಡಿ. ನಮ್ಮಲ್ಲಿ ಕಿಟಕಿ ತೆರೆದಾಗ −24, ಮುಚ್ಚಿದಾಗ −31 ತೋರಿಸಿತು, ಎಂದರೆ ಬೆಳಕಿನಲ್ಲಿ ಐದನೆಯ ಒಂದು ಪಾಲು ಮಾತ್ರ ಉಳಿಯುತ್ತಿತ್ತು. ಮನೆಗೆ ಬಂದವರು, ಫೋನಿನಲ್ಲಿ ಮಾತಾಡಿದವರು ಇವರಲ್ಲಿ ಒಬ್ಬರೂ ಈ ಸಂಖ್ಯೆಯನ್ನು ನೋಡಲಿಲ್ಲ ಎಂಬುದೇ ನನಗೆ ಇಂದಿಗೂ ನುಂಗಲಾಗದ ಸಂಗತಿ.

ಆದ್ದರಿಂದ ನೆಟ್ ಹೋದ ಕ್ಷಣದಲ್ಲಿ, ಪೆಟ್ಟಿಗೆಯನ್ನು ಆರಿಸಿ ಹಚ್ಚುವ ಮೊದಲು, ದೀಪಗಳ ಫೋಟೋ ತೆಗೆದಿಟ್ಟುಕೊಳ್ಳಿ. ಎಲ್‌ಓಎಸ್ ಕೆಂಪಾಗಿದ್ದರೆ ತೊಂದರೆ ಬೆಳಕಿನ ಹಾದಿಯಲ್ಲಿದೆ, ಅದಕ್ಕೆ ಯಾವ ವೈಫೈ ರೂಟರೂ ಮದ್ದಲ್ಲ. ಎಲ್ಲ ದೀಪಗಳೂ ಒಮ್ಮೆಲೇ ಆರಿ ಹತ್ತಿದರೆ ಅಡಾಪ್ಟರನ್ನು ಅನುಮಾನಿಸಿ. ದೀಪಗಳೆಲ್ಲ ಸರಿಯಾಗಿದ್ದು ಮೊಬೈಲಿನಲ್ಲಿ ಮಾತ್ರ ತೊಡಕಾದರೆ, ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ಜೋಡಿಸಿ ನೋಡಿದ ಮೇಲಷ್ಟೇ ವೈಫೈಯನ್ನು ದೂರಬಹುದು. ತಂತಿಯನ್ನು ಬಿಚ್ಚಿ ತುದಿಯೊಳಗೆ ಇಣುಕುವ ಸಾಹಸ ಮಾತ್ರ ಬೇಡ, ಅಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ದೂರು ಮುಚ್ಚುವ ಓಟಿಪಿಯನ್ನು, ಬೆಳಕಿನ ಆ ಸಂಖ್ಯೆ ನೋಡಿದ ಮೇಲೆ ಕೊಡಿ. ನಮ್ಮಲ್ಲಿ ದೂರು ಮುಚ್ಚಿದಾಗಲೆಲ್ಲ ಮುಂದಿನದು ಹೊಸ ದೂರಾಗಿ ದಾಖಲಾಗುತ್ತಿದ್ದುದರಿಂದ ಎರಡು ತಿಂಗಳ ಗೋಳು ಕಂಪನಿಯ ಕಡತದಲ್ಲಿ ಮೂರು ಬಿಡಿ ಘಟನೆಗಳಾಗಿ ಉಳಿಯಿತು. ಪ್ರತಿ ದೂರಿಗೂ ಕೊಡುವ ಡಾಕೆಟ್ ಸಂಖ್ಯೆಗಳನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ. ಅವು ಕೈಯಲ್ಲಿದ್ದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದಿತ್ತು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಅದಕ್ಕೆ ಶುಲ್ಕವೂ ಇಲ್ಲ.

ಕೊನೆಗೆ ಗೋಡೆಗೆ ರಂಧ್ರ ಕೊರೆಸಿ, ಪಿವಿಸಿ ಕೊಳವೆಯೊಳಗಿಂದ ಹೊಸ ತಂತಿ ಎಳೆಸಿದೆ. ಈಗ −20 ತೋರಿಸುತ್ತಿದೆ, ಹಳೆಯ ಪೆಟ್ಟಿಗೆಯ ವೈಫೈ ಮನೆಯೆಲ್ಲಕ್ಕೂ ಸಾಲುತ್ತಿದೆ. ಹಿಂದಿರುಗಿಸುವ ಅವಧಿ ಮುಗಿದ ಹೊಸ ರೂಟರ್ ಬೀರುವಿನಲ್ಲಿದೆ.