ಎಲಿಜಬೆತ್ ಪಾತ್ರಕ್ಕೆ ಯಾರು? 1940ರ ಚಿತ್ರವೋ, 2005ರದ್ದೋ

ಭಾನುವಾರ ಒಂದೇ ಸಿನಿಮಾಗೆ ಹೊತ್ತಿದೆ, ಯಾವುದು ನೋಡಲಿ ಅಂತ ಜಯನಗರದ ಗೆಳತಿ ಕೇಳಿದಳು. ಎರಡೂ ಜೇನ್ ಆಸ್ಟೆನ್ ಕಾದಂಬರಿಯಿಂದ ಬಂದ 'ಪ್ರೈಡ್ ಅಂಡ್ ಪ್ರೆಜುಡಿಸ್'. ಒಂದು 1940ರ ಕಪ್ಪು-ಬಿಳುಪು ಚಿತ್ರ, ಇನ್ನೊಂದು 2005ರದ್ದು.

ಹಳೆಯದಕ್ಕೆ ಕಲಾ ನಿರ್ದೇಶನದ ಆಸ್ಕರ್ ಸಿಕ್ಕಿದೆ. ಲಾರೆನ್ಸ್ ಒಲಿವಿಯರ್ ನಾಯಕ ಡಾರ್ಸಿಯಾಗಿ ಸುಮ್ನೆ ನಿಂತರೂ ಆ ಬಿಗುಮಾನ ಕಾಣುತ್ತದೆ. ಆದರೆ ನಾಯಕಿ? ಕಾದಂಬರಿಯ ಎಲಿಜಬೆತ್‌ಗೆ ಇನ್ನೂ 21 ತುಂಬಿಲ್ಲ. ಗ್ರೀರ್ ಗಾರ್ಸನ್‌ಗೆ ಆಗ 35. ವಯಸ್ಸೊಂದೇ ಆಗಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ. ನಮ್ಮ ಸಿನಿಮಾಗಳಲ್ಲೂ ಹಿರಿಯ ನಟರನ್ನು ಕಾಲೇಜು ಹುಡುಗರಾಗಿ ಪ್ರೀತಿಯಿಂದಲೇ ನೋಡಿದ್ದೇವೆ, ಅಲ್ವಾ? ತೊಂದರೆ ಬೇರೆ. ಎಲಿಜಬೆತ್ ದುಡುಕುತ್ತಾಳೆ, ಒಬ್ಬನನ್ನು ತಪ್ಪಾಗಿ ಅಳೆಯುತ್ತಾಳೆ, ಆಮೇಲೆ ತನ್ನ ಬಗ್ಗೆಯೇ ನಾಚುತ್ತಾಳೆ. ಗಾರ್ಸನ್ ಮೊದಲ ದೃಶ್ಯದಿಂದಲೇ ಎಲ್ಲ ಬಲ್ಲವರಂತೆ ನಗುತ್ತಾರೆ. ಎಲ್ಲ ಗೊತ್ತಿರುವವಳು ಬದಲಾಗುವುದಾದರೂ ಹೇಗೆ? ಅಲ್ಲಿಗೆ ಪ್ರೇಮದ ಕಾವು ಆರಿಹೋಗುತ್ತದೆ.

2005ರ ಚಿತ್ರದ ಶೂಟಿಂಗ್ ವೇಳೆ ಕೀರಾ ನೈಟ್ಲಿಗೆ 19. ಲಂಗದ ಅಂಚಿಗೆ ಕೆಸರು ಮೆತ್ತಿಕೊಂಡೇ ದೊಡ್ಡಮನೆಗೆ ಹೋಗುತ್ತಾಳೆ. ಮಳೆಯಲ್ಲಿ ಡಾರ್ಸಿಯನ್ನು ಬೇಡ ಅನ್ನುವಾಗ ಸಿಟ್ಟೂ ನೋವೂ ಒಟ್ಟಿಗೆ ಉಕ್ಕುತ್ತವೆ. ಮ್ಯಾಥ್ಯೂ ಮ್ಯಾಕ್‌ಫೇಡಿಯನ್‌ ಅವರ ಡಾರ್ಸಿಗೆ ಒಲಿವಿಯರ್ ಠೀವಿ ಇಲ್ಲ, ಸಂಕೋಚ ಜಾಸ್ತಿ. ನನಗೆ ಅದೇ ಹಿಡಿಸಿತು. ಕಥೆ ಸ್ವಲ್ಪ ಓಡುತ್ತದೆ, ನಿಜ.

ಅಪ್ಪ-ಅಮ್ಮನ ಜೊತೆ ಕೂತು ನಗಬೇಕಾದರೆ ಹಳೆಯದು ಹಾಕು. ಪ್ರೇಮಕಥೆಯೇ ಬೇಕಾದರೆ 2005ರದ್ದು ನೋಡು ಅಂದೆ.