ಲೇಸರ್ ಚಿಕಿತ್ಸೆಯ ನಂತರದ ಉರಿಗೆ ಆವೆನ್ ಥರ್ಮಲ್ ನೀರಿನ ಸ್ಪ್ರೇ

ಮೊಡವೆ ಕಲೆಗಳಿಗೆ ಫ್ರಾಕ್ಷನಲ್ ಲೇಸರ್ (ಚರ್ಮದ ಮೇಲೆ ಚುಕ್ಕಿ ಚುಕ್ಕಿಯಾಗಿ ಕಿರಣ ಹಾಯಿಸುವ ಚಿಕಿತ್ಸೆ) ಮಾಡಿಸಿಕೊಂಡವರಿಗೆ ಮುಖ ಕೆಂಪೇರಿ ಉರಿಯುವುದು ಸಾಮಾನ್ಯ. ಬಳ್ಳಾರಿಯ ಒಣ ಸೆಕೆಯಲ್ಲಿ ಆ ಉರಿ ಇನ್ನಷ್ಟು ಕಾಡುತ್ತದೆ. ನನ್ನ ಚರ್ಮವೈದ್ಯರು ಕ್ರೀಮು ಮತ್ತು ಸನ್‌ಸ್ಕ್ರೀನ್ ಜೊತೆಗೆ ಆವೆನ್ ಥರ್ಮಲ್ ನೀರಿನ ಸ್ಪ್ರೇಯನ್ನೂ ಬರೆದುಕೊಟ್ಟಿದ್ದರು. ಬಳಸಿದ ಮೇಲೆ ನನಗೆ ತೋಚಿದ್ದು ಇಷ್ಟು: ಉರಿಯನ್ನು ತಗ್ಗಿಸುವ ಕೆಲಸವನ್ನು ಇದು ಚೆನ್ನಾಗಿಯೇ ಮಾಡುತ್ತದೆ, ಆದರೆ ಅದಕ್ಕೆ ಕಾರಣ ನೀರಿನೊಳಗಿನ ಖನಿಜಗಳಿಗಿಂತ ಹೆಚ್ಚಾಗಿ ಅದರ ಶುದ್ಧತೆ ಮತ್ತು ಅದನ್ನು ತುಂಬಿಟ್ಟಿರುವ ಡಬ್ಬಿ.

ಈ ನೀರು ದಕ್ಷಿಣ ಫ್ರಾನ್ಸಿನ ಆವೆನ್ ಗ್ರಾಮದ ಬುಗ್ಗೆಯದು. ಚರ್ಮರೋಗಿಗಳು 18ನೇ ಶತಮಾನದಿಂದಲೇ ಅಲ್ಲಿ ಸ್ನಾನಕ್ಕೆ ಹೋಗುತ್ತ ಬಂದಿದ್ದಾರೆ. ‘ಥರ್ಮಲ್’ ಎಂದರೆ ಬಿಸಿ ಬುಗ್ಗೆಯದು ಎಂಬ ಅರ್ಥವಿದ್ದರೂ, ಬುಗ್ಗೆಯಿಂದ ಹೊರಬರುವಾಗ ಈ ನೀರಿನ ಉಷ್ಣತೆ ಸುಮಾರು 25 ಡಿಗ್ರಿ ಸೆಲ್ಸಿಯಸ್ ಮಾತ್ರ. ಮೇ ತಿಂಗಳ ಮಧ್ಯಾಹ್ನ ನಮ್ಮ ಮಾಳಿಗೆಯ ಟ್ಯಾಂಕಿನ ನೀರು ಇದಕ್ಕಿಂತ ಎಷ್ಟೋ ಬಿಸಿಯಾಗಿರುತ್ತದೆ! ಒಂದು ಲೀಟರಿನಲ್ಲಿ ಕರಗಿರುವ ಲವಣ ಸುಮಾರು 200 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪುವ ಮಿತಿ 500, ಬೇರೆ ಮೂಲವಿಲ್ಲದಿದ್ದರೆ 2000. ಈ ಭಾಗದ ಬೋರ್‌ವೆಲ್ಲಿನ ಸವಳು ನೀರಿನಲ್ಲಿ ಸುಟ್ಟಂತಿರುವ ಮುಖವನ್ನು ತೊಳೆದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಗುಣವನ್ನು ಸಾರುವ ಅಧ್ಯಯನಗಳಲ್ಲಿ ಬಹಳಷ್ಟಕ್ಕೆ ತಯಾರಕರ ಬೆಂಬಲವಿದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಡಬ್ಬಿಯಲ್ಲಿ ಈ ನೀರಿನ ಜೊತೆ ಇರುವುದು ಸಾರಜನಕ ಅನಿಲ ಮಾತ್ರ. ಪರಿಮಳವಾಗಲಿ, ಕೆಡದಂತೆ ಕಾಯುವ ರಾಸಾಯನಿಕವಾಗಲಿ ಇಲ್ಲ. ಹೊರಗಿನ ಗಾಳಿ ಒಳಗೆ ಹೋಗದ ಕಾರಣ ಕೊನೆಯ ಹನಿಯವರೆಗೂ ನೀರು ಕೆಡುವುದಿಲ್ಲ, ಕೈ ಸೋಕಿಸದೆಯೇ ಮುಖವನ್ನು ಒದ್ದೆ ಮಾಡಿಕೊಳ್ಳಬಹುದು. ಮುಟ್ಟಿದರೆ ಚುರುಗುಟ್ಟುವ ಮೊದಲ ಒಂದೆರಡು ದಿನ ಇದು ಸಣ್ಣ ಅನುಕೂಲವಲ್ಲ. ಒಂದು ಗೇಣು ದೂರದಿಂದ ಸಿಂಪಡಿಸಿ, ಎರಡು ಮೂರು ನಿಮಿಷ ಬಿಟ್ಟು, ಉಳಿದ ತೇವವನ್ನು ಶುಭ್ರವಾದ ಗಾಜ್ ಬಟ್ಟೆಯಿಂದ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಒತ್ತಿ ತೆಗೆದು, ಕೂಡಲೇ ವೈದ್ಯರು ಹೇಳಿದ ಕ್ರೀಮನ್ನು ಹಚ್ಚಬೇಕು. ಫ್ಯಾನಿನ ಕೆಳಗೆ ಕೂತು ಹಾಗೆಯೇ ಆರಲು ಬಿಟ್ಟರೆ, ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಚರ್ಮ ಮೊದಲಿಗಿಂತ ಬಿಗಿಯಾಗುತ್ತದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರಬೇಕಾದ ಮಾತಿದು. ಅದಿರು ಲಾರಿಗಳ ರಸ್ತೆಯಲ್ಲಿ ಬೈಕಿನಲ್ಲಿ ಬಂದವರು ನೇರವಾಗಿ ಸಿಂಪಡಿಸಿಕೊಂಡರೆ ಮುಖದ ಮೇಲೆ ಕೆಂಪು ಕೆಸರಷ್ಟೇ ಉಳಿದೀತು, ಏಕೆಂದರೆ ಇದು ಮುಖ ತೊಳೆಯುವ ಸಾಧನವಲ್ಲ. ಚರ್ಮ ಕಿತ್ತು ರಸ ಒಸರುತ್ತಿದ್ದರೆ ವೈದ್ಯರನ್ನು ಕೇಳದೆ ಇದನ್ನೂ ಬಳಸಬಾರದು.

ನಮ್ಮಂಥ ಕಂದು ಮೈಬಣ್ಣದವರಿಗೆ ಲೇಸರ್ ನಂತರದ ದೊಡ್ಡ ಭಯ ಉರಿಯಲ್ಲ, ಆಮೇಲೆ ಮೂಡುವ ಕಪ್ಪು ಕಲೆ. ಅದನ್ನು ತಡೆಯುವ ಶಕ್ತಿ ಈ ನೀರಿಗಿಲ್ಲ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಅದು ಸನ್‌ಸ್ಕ್ರೀನಿಗೆ ಹೋಗಲಿ. ಉರಿಗೆ ಮೆಡಿಕಲ್ ಅಂಗಡಿಯ 0.9 ಶೇಕಡಾ ಸಲೈನನ್ನು ಫ್ರಿಜ್ಜಿನಲ್ಲಿ ತಂಪಾಗಿಸಿ, ಗಾಜ್ ಬಟ್ಟೆಯನ್ನು ಅದರಲ್ಲಿ ಅದ್ದಿ ಮುಖದ ಮೇಲಿಟ್ಟುಕೊಂಡರೆ ತೀರ ಕಡಿಮೆ ಖರ್ಚಿನಲ್ಲಿ ಹೆಚ್ಚುಕಡಿಮೆ ಅದೇ ತಂಪು ಸಿಗುತ್ತದೆ. ತೆರೆದ ಬಾಟಲಿಯನ್ನು ಬಹಳ ಹೊತ್ತು ಇಟ್ಟುಕೊಳ್ಳುವಂತಿಲ್ಲ ಎಂಬುದೇ ಅದರ ಕೊರತೆ.

ಸ್ಪ್ರೇಯನ್ನೇ ಕೊಳ್ಳುವವರು 50 ಮಿಲಿಯ ಚಿಕ್ಕ ಡಬ್ಬಿಯಿಂದ ಆರಂಭಿಸುವುದು ಲೇಸು. ಚಿಕಿತ್ಸೆ ಹಲವು ಸುತ್ತುಗಳಲ್ಲಿ ನಡೆಯುವುದಾದರೆ 150 ಮಿಲಿಯದು ಲೆಕ್ಕಕ್ಕೆ ಹೊಂದುತ್ತದೆ. ಒತ್ತಡ ತುಂಬಿದ ಡಬ್ಬಿಯಾದ್ದರಿಂದ 50 ಡಿಗ್ರಿಗಿಂತ ಹೆಚ್ಚು ಬಿಸಿ ತಗಲಬಾರದು. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಬೇಡಿ.