ರಸ್ತೆ ಅಗೆದರು ಅಂತ ಫೈಬರ್ ಇಂಟರ್ನೆಟ್‌ಗೆ ದುಡ್ಡು ಕಟ್ಟಬೇಡಿ

ನಾಗರಭಾವಿ ಕಡೆ ಇರುವವರು, ಅಲ್ಲೇ ಅಂತಲ್ಲ, ಬೆಂಗಳೂರಿನ ಯಾವ ಲೇಔಟ್‌ನಲ್ಲಿದ್ದರೂ ಇದನ್ನು ಓದಿ. ನಿಮ್ಮ ರಸ್ತೆ ಅಗೆಯುತ್ತಿದ್ದಾರಾ? ಕಿತ್ತಳೆ ಬಣ್ಣದ ಪೈಪಿನ ಸುರುಳಿ ಬಿದ್ದಿದೆಯಾ? ಅದೇ ಹೊತ್ತಿಗೆ ಒಬ್ಬ ಗೇಟ್ ತಟ್ಟಿ "ಮೇಡಂ, ನಿಮ್ಮ ರೋಡಿಗೆ ಫೈಬರ್ ಬಂತು" ಅಂತಾನಾ? ಒಂದು ರೂಪಾಯಿ ಕೊಡಬೇಡಿ.

ನಮ್ಮ ಮನೆಯಲ್ಲಿ ಇಬ್ಬರದೂ ವರ್ಕ್ ಫ್ರಮ್ ಹೋಂ. ಹಳೇ ಕನೆಕ್ಷನ್ ಮರದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ ಎಳೆದ ವೈರು. ಜೋರು ಮಳೆಗೆ ಕೊಂಬೆ ಬಿದ್ದರೆ ಮುಗೀತು. ಹಾಗಾಗಿ ನೆಲದಡಿ ಕೇಬಲ್ ಅಂದಾಗ ಖುಷಿಯಾಗಿದ್ದು ನಿಜ. ಹುಡುಗ ಕಂಪನಿ ಲೋಗೋ ಇರೋ ಟೀ ಶರ್ಟ್ ಹಾಕಿದ್ದ, ಮಾತು ಬೆಣ್ಣೆ. "ನೋಡಿ ಮೇಡಂ, ನಮ್ಮದೇ ಪೈಪು, ನಿಮ್ಮ ಗೇಟ್ ಮುಂದೇನೇ ಹೋಗ್ತಿದೆ. ವರ್ಷದ ಪ್ಲಾನ್ ಈಗಲೇ ಕಟ್ಟಿದರೆ ರೌಟರ್ ಫ್ರೀ." ಆಧಾರ್ ಫೋಟೋ ತೆಗೆದುಕೊಂಡ. ಫಾರ್ಮ್‌ಗೆ ಸಹಿ ಹಾಕಿಸಿಕೊಂಡ. ಆಮೇಲೆ ಕಂಪನಿ ಆ್ಯಪ್ ಡೌನ್ ಇದೆ ಅಂತ ತನ್ನ ಫೋನಿನಲ್ಲಿದ್ದ ಕ್ಯೂಆರ್ ತೋರಿಸಿದ. ಸ್ಕ್ಯಾನ್ ಮಾಡಿದರೆ ಯಾವುದೋ ಎಂಟರ್‌ಪ್ರೈಸಸ್ ಅಂತ ಬಂತು. ಕೇಳಿದೆ. "ನಮ್ಮ ಡಿಸ್ಟ್ರಿಬ್ಯೂಟರ್ ಮೇಡಂ" ಅಂದ. ಕೇಬಲ್ ಟೀವಿ ಕಾಲದಿಂದಲೂ ನಾವೆಲ್ಲ ಲೋಕಲ್ ಆಪರೇಟರ್ ಕೈಗೇ ಕಟ್ಟಿದವರು, ಅಲ್ವಾ?

ಎರಡು ದಿನದಲ್ಲಿ ಕನೆಕ್ಷನ್ ಅಂದಿದ್ದ. ಬಂದದ್ದು ಕನೆಕ್ಷನ್ ಅಲ್ಲ, ಗೇಟ್ ಮುಂದೆ ನೀರು. ಅಗೆಯುವವರು ನಮ್ಮ ಮನೆಗೆ ಬರುವ ಕಾವೇರಿ ಪೈಪನ್ನೇ ಕತ್ತರಿಸಿಬಿಟ್ಟಿದ್ದರು. ಅದೂ ನೀರು ಬಿಡುವ ದಿನ. ಸೂಪರ್‌ವೈಸರ್ ಮೇಲೆ ನಾನು ಕೂಗಾಡಿದೆ. "ನಿಮ್ಮ ಕಂಪನಿಗೇ ವರ್ಷದ ದುಡ್ಡು ಕಟ್ಟಿದ್ದೀನಿ, ಇದೇನಾ ನೀವು ಮಾಡೋ ಕೆಲಸ?" ಅವನು ಗಲಿಬಿಲಿಯಾದ. "ಯಾವ ಕಂಪನಿ ಮೇಡಂ?" ಹೆಸರು ಹೇಳಿದೆ. ಅವನು ನಕ್ಕುಬಿಟ್ಟ. "ಅಯ್ಯೋ, ಇದು ಅವರದ್ದಲ್ಲ. ಇದು ಮೇನ್ ಲೈನು, ಆ ಕಡೆ ಟವರ್‌ಗೆ ಹೋಗೋದು. ಇದರಿಂದ ಮನೆಗಳಿಗೆ ಕೊಡಲ್ಲ."

ಪಕ್ಕದ ಮನೆ ಆಂಟಿ ಕಾಂಪೌಂಡ್ ಆಚೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಹಿಂದಿನ ವಾರವಷ್ಟೇ "ನೀವೂ ಹಾಕಿಸಿಕೊಳ್ಳಿ ಆಂಟಿ" ಅಂತ ಹೇಳಿದವಳು ನಾನು. ಮುಖ ಎಲ್ಲಿಟ್ಟುಕೊಳ್ಳಲಿ ಹೇಳಿ.

ಹುಡುಗನಿಗೆ ಫೋನ್ ಮಾಡಿದರೆ "ನಾಳೆ ಪಕ್ಕಾ ಮೇಡಂ". ಮರುದಿನ ಮತ್ತೆ "ನಾಳೆ ಪಕ್ಕಾ". ಆಮೇಲೆ "ಸ್ಪ್ಲೈಸಿಂಗ್ ಟೀಮ್ ಬ್ಯುಸಿ", ಅಂದರೆ ಕೇಬಲ್ ಜೋಡಿಸುವವರಿಗೆ ಬಿಡುವಿಲ್ಲವಂತೆ. ಆಮೇಲೆ ಬರೀ ರಿಂಗು. ಕಸ್ಟಮರ್ ಕೇರ್‌ನವರು ಇನ್ನೂ ಚೆನ್ನ: "ನಿಮ್ಮ ನಂಬರಿನಲ್ಲಿ ಯಾವ ಆರ್ಡರೂ ಇಲ್ಲ, ನಿಮ್ಮ ಏರಿಯಾಗೆ ಫೀಸಿಬಿಲಿಟಿನೇ ಇಲ್ಲ." ಅಂದರೆ ಅಲ್ಲಿ ಕನೆಕ್ಷನ್ ಕೊಡೋಕೇ ಆಗಲ್ಲ ಅಂತ. ಹಾಗಾದರೆ ಆ ಹುಡುಗ ಯಾರು? "ಅವರು ನಮ್ಮ ಸ್ಟಾಫ್ ಅಲ್ಲ ಮೇಡಂ." ಟೀ ಶರ್ಟ್ ನಿಮ್ಮದು, ಫಾರ್ಮ್ ನಿಮ್ಮದು, ಹುಡುಗ ಮಾತ್ರ ನಿಮ್ಮವನಲ್ಲ! ಯಾವ ಸೀಮೆ ನ್ಯಾಯ ಇದು?

ಈಗ ಗೊತ್ತಾದದ್ದು ಇಷ್ಟು. ಗೇಟ್ ಮುಂದೆ ಕೇಬಲ್ ಹೋದ ಮಾತ್ರಕ್ಕೆ ಮನೆಗೆ ಕನೆಕ್ಷನ್ ಸಿಗುವುದಿಲ್ಲ. ನೀವು ದುಡ್ಡು ಕಟ್ಟುವ ಕಂಪನಿಯ ಸ್ಪ್ಲಿಟರ್ ಡಬ್ಬಿ (ಒಂದು ಲೈನನ್ನು ಹಲವು ಮನೆಗಳಿಗೆ ಹಂಚುವ ಡಬ್ಬಿ) ನಿಮ್ಮ ರಸ್ತೆಯ ಹತ್ತಿರ ಬರಬೇಕು, ಅದರಲ್ಲಿ ಖಾಲಿ ಪೋರ್ಟ್ ಇರಬೇಕು. ಅಲ್ಲಿಂದ ತೆಳ್ಳನೆಯ ವೈರು ಮನೆಗೆ ಎಳೆದು, ಗೋಡೆ ಮೇಲಿನ ಬಾಕ್ಸ್‌ಗೆ ಸೇರಿಸುತ್ತಾರೆ. ಬಾಕ್ಸ್‌ನಲ್ಲಿ ಎಲ್‌ಒಎಸ್ ಅನ್ನೋ ಕೆಂಪು ದೀಪ ಮಿನುಗುತ್ತಿದ್ದರೆ ಸಿಗ್ನಲ್ ಬಂದಿಲ್ಲ ಅಂತಲೇ ಅರ್ಥ. ಆ ದೀಪ ಆರಿ, ನಿಮ್ಮ ಫೋನಿನಲ್ಲಿ ಸ್ಪೀಡ್ ಬರುವವರೆಗೂ ವರ್ಷದ ದುಡ್ಡಿನ ಮಾತೇ ಬೇಡ. ಕಟ್ಟುವುದಿದ್ದರೆ ಕಂಪನಿಯ ಆ್ಯಪ್‌ನಲ್ಲೇ ಕಟ್ಟಿ. ಇನ್ನೊಂದು, ಬಾಯಲ್ಲಿ ಹೇಳುವ ರೇಟಿಗೆ ಸಾಮಾನ್ಯವಾಗಿ 18% ಜಿಎಸ್‌ಟಿ ಸೇರಿರುವುದಿಲ್ಲ. 499 ಅಂದರೆ ಬಿಲ್ 589ರ ಹತ್ತಿರ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಮಾಡಿದಷ್ಟೂ ಕಷ್ಟ. ಕಂಪನಿ ಕೈ ತೊಳೆದುಕೊಂಡರೆ ಗ್ರಾಹಕರ ಸಹಾಯವಾಣಿ 1915. ನಾನು ಎರಡೂ ಕಡೆ ಬರೆಸಿದ್ದೀನಿ, ಕಾಯುತ್ತಿದ್ದೀನಿ. ಆಧಾರ್ ಫೋಟೋ ಕೊಟ್ಟಿದ್ದವರು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಒಮ್ಮೆ ನೋಡಿಕೊಳ್ಳಿ. ನಾನಂತೂ ಈಗ ದಿನಾ ನೋಡುತ್ತೀನಿ, ಅಷ್ಟು ಹೆದರಿಕೆ.

ಹಾಂ, ನೀರಿನ ಪೈಪು. ಅಗೆಯುವ ಮುಂಚೆ ಅದು ಎಲ್ಲಿ ಹಾದುಹೋಗಿದೆ ಅಂತ ನೀವೇ ನಿಂತು ತೋರಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮದನ್ನು ಸರಿಮಾಡಿಸಿದ್ದು ನಮ್ಮ ಪ್ಲಂಬರ್, ನಮ್ಮ ದುಡ್ಡಲ್ಲಿ. ಸೂಪರ್‌ವೈಸರ್‌ನ ಕೇಳಿದರೆ "ಬಿಲ್ ಕಳಿಸಿ ಮೇಡಂ" ಅಂದ. ಯಾರಿಗೆ ಕಳಿಸಬೇಕು ಅಂತ ಮಾತ್ರ ಇವತ್ತಿಗೂ ಹೇಳಿಲ್ಲ.